ಅರಿತು ಮರೆಮಾಚಿದ ಮೌನ

ಬಾಯಿಂದ ಸುಳ್ಳಾಡದೆ ಇದ್ದಮಾತ್ರಕ್ಕೆ ಒಬ್ಬನು ಸತ್ಯವಂತನಾಗುವನೆ? ಮನೆಯ ಕ್ರಯವಿಕ್ರಯದಲ್ಲಿ ಈ ಪ್ರಶ್ನೆಯು ತೀಕ್ಷ್ಣವಾಗಿ ಉದ್ಭವಿಸುತ್ತದೆ. ಬೆಂಗಳೂರಿನ ಮಾರತ್ತಹಳ್ಳಿಯನ್ನೇ ನೋಡಬಹುದು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಆ ಸ್ಥಳವು ಇಂದು ಹೊರವರ್ತುಲ ರಸ್ತೆಯ ಬದಿಯ ಬಹುಮಹಡಿ ವಸತಿಗಳಿಂದ ತುಂಬಿದೆ. 2022ರ ಸೆಪ್ಟೆಂಬರಿನ ಅತಿವೃಷ್ಟಿಯಲ್ಲಿ ಆ ರಸ್ತೆಯೂ ಸುತ್ತಣ ತಗ್ಗಿನ ಬಡಾವಣೆಗಳೂ ಜಲಾವೃತವಾದುದು ವಿದಿತವೇ ಆಗಿದೆ. ಇಂತಹ ಕಡೆ, ಬೇಸಗೆಯಲ್ಲಿ ಬಣ್ಣ ಬಳಿದ ಗೋಡೆಯನ್ನು ನಂಬಿ ಮನೆ ಕೊಂಡವನು ಮಳೆಗಾಲದಲ್ಲಿ ಅದು ಜಿನುಗುವುದನ್ನು ಕಾಣುವನು. ಮಾರಿದವನಾದರೋ, "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎನ್ನುವನು.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು ಈ ಸಬೂಬನ್ನು ಒಪ್ಪದು. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಗೋಚರಿಸದ ಮುಖ್ಯ ದೋಷವನ್ನು ಹೇಳದಿರುವುದನ್ನು ಅದು ವಂಚನೆಯೆಂದೇ ಎಣಿಸುತ್ತದೆ. ಹೊಸ ವಸತಿಯಾದರೆ, 2016ರ ರೇರಾ ಅಧಿನಿಯಮದಂತೆ, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ತಿಳಿಸಿದ ಕಟ್ಟಡದ ದೋಷವನ್ನು ನಿರ್ಮಾಪಕನು 30 ದಿನಗಳಲ್ಲಿ ತನ್ನ ವೆಚ್ಚದಿಂದಲೇ ಸರಿಪಡಿಸಬೇಕು. ನೊಂದವನು ಲಿಖಿತವಾಗಿ ನ್ಯಾಯ ಕೇಳುವುದು ದ್ವೇಷವಲ್ಲ. ಕಾಯಕದ ಗಳಿಕೆಯ ರಕ್ಷಣೆ.

ಆದರೆ ಕಠಿಣ ಪರೀಕ್ಷೆ ಮುಂದಿದೆ. ಮೋಸಹೋದವನೇ ನಾಳೆ ಅದೇ ಮನೆಯನ್ನು ಮಾರಬೇಕಾದಾಗ, ತಾನೂ ಬಣ್ಣ ಬಳಿದು ಸುಮ್ಮನಿರುವನೆ? ದೋಷ ಹೇಳಿದರೆ ಬೆಲೆ ಇಳಿಯುವುದು ನಿಜ. ಸಾಲದ ಕಂತು ಕಾಡುವುದೂ ನಿಜ. ಆದರೂ ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನು ಬೋಧಿಸಿದ ಬಸವಣ್ಣನವರ ಮಾರ್ಗದಲ್ಲಿ, ತಾನುಂಡ ನೋವನ್ನು ಪರರಿಗೆ ಬಡಿಸಲು ಎಡೆಯಿಲ್ಲ. ಬೆಲೆಯಲ್ಲಾದ ನಷ್ಟವನ್ನು ಕಾಯಕವು ತುಂಬೀತು. ಅರಿತು ಮರೆಮಾಚಿದ ಮೌನದಿಂದ ಒಳಗಾದ ನಷ್ಟವನ್ನು ತುಂಬುವುದು ಯಾವುದು?