ದಾಟಿ ಹೋಗುವ ಸ್ವರ

ಸಂಗೀತ ಪಾಠಕ್ಕೆ ಬಂದ ಮಕ್ಕಳು ತಿಂಗಳುಗಟ್ಟಲೆ ಸರಳೆ, ಜಂಟಿ, ಅಲಂಕಾರ ಹಾಡುತ್ತಾರೆ. ಎಲ್ಲವೂ ಮಾಯಾಮಾಳವಗೌಳದಲ್ಲಿ, ಏಳೂ ಸ್ವರ ಹತ್ತಿ, ಏಳೂ ಸ್ವರ ಇಳಿದು. ಆ ರಾಗವನ್ನೇ ಮೊದಲಿಗೆ ಇಟ್ಟದ್ದರಲ್ಲಿ ದೊಡ್ಡ ವಿವೇಕವಿದೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸದಲ್ಲೂ ಬರುತ್ತವೆ. ಕೆಳಗೆ ಕಲಿತದ್ದು ಮೇಲೆ ಒದಗುತ್ತದೆ. ಆಮೇಲೆ ಗೀತೆ. ಮಲಹರಿ ರಾಗ, ರೂಪಕ ತಾಳ, ಗಣಪತಿಯ ಮೇಲಿನ ಪಿಳ್ಳಾರಿ ಗೀತೆ.

ಪಲ್ಲವಿ, ಅನುಪಲ್ಲವಿ ಎಂಬ ವಿಂಗಡಣೆ ಇದಕ್ಕಿಲ್ಲ, ಸಂಗತಿಗಳೂ ಇಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ನಡೆ. ಆದರೂ ಇಡೀ ತರಗತಿ ಎಡವುವ ಜಾಗಗಳಿವೆ. ಮಲಹರಿಯಲ್ಲಿ ನಿಷಾದವೇ ಇಲ್ಲ, ಏರುವಾಗ ಗಾಂಧಾರವೂ ಇಲ್ಲ. ಮಧ್ಯಮದಿಂದ ಹೊರಟ ಮೊದಲ ಸಾಲು ಧೈವತದಿಂದ ನೇರ ಮೇಲಿನ ಷಡ್ಜಕ್ಕೆ ಏರಬೇಕು. ಮಕ್ಕಳ ಗಂಟಲು ನಿಷಾದವನ್ನು ಸವರಿಕೊಂಡೇ ಹೋಗುತ್ತದೆ. ಮುಂದಿನ ಸಾಲಿನಲ್ಲಿ ರಿಷಭದಿಂದ ಮಧ್ಯಮಕ್ಕೆ ಹೋಗುವಾಗ ಗಾಂಧಾರ ನುಸುಳುತ್ತದೆ. ಪಾಪ, ಅವರ ತಪ್ಪೇನು? ಆ ಸ್ವರಗಳನ್ನು ತಿಂಗಳುಗಟ್ಟಲೆ ಅವರ ಬಾಯಲ್ಲಿ ಕೂರಿಸಿದವರು ನಾವೇ.

‘ಅಲ್ಲಿ ಗ ಬೇಡ’ ಎಂದರೆ ಮಗು ಆ ಗಾಂಧಾರವನ್ನೇ ನೆನೆದು ಮತ್ತಷ್ಟು ಒತ್ತಿ ಹಾಡುತ್ತದೆ. ಹಾಗಾಗಿ ಹೇಳುವುದನ್ನು ಬಿಟ್ಟು ಹಾಡುತ್ತೇನೆ, ಅವರು ಕೇಳುತ್ತಾರೆ, ತೊಡೆಯ ಮೇಲೆ ತಾಳ ನಡೆಯುತ್ತಿರುತ್ತದೆ. ಯಾವುದೋ ಒಂದು ಮಗುವಿಗೆ ಮೊದಲು ದಾರಿ ಸಿಗುತ್ತದೆ. ಪಕ್ಕದವರು ಅದರ ದನಿ ಹಿಡಿಯುತ್ತಾರೆ, ನನ್ನದನ್ನಲ್ಲ. ಅಷ್ಟರಲ್ಲಿ ಸಾಲು ಇಳಿಯತೊಡಗಿ, ಮ-ಗ-ರಿ-ಸ ಎನ್ನುವಲ್ಲಿ, ಏರುವಾಗ ತಡೆದಿಟ್ಟ ಗಾಂಧಾರ ಬರುತ್ತದೆ. ಸರಳೆಯಲ್ಲಿ ಎಷ್ಟೋ ಸಲ ಹಾಡಿದ ಅದೇ ಗಾಂಧಾರ. ಆದರೆ ಈಗ ಅದು ಹೊಸದಾಗಿ ಕೇಳಿಸುತ್ತದೆ, ಅದಕ್ಕೊಂದು ಮುಖ ಬಂದಿರುತ್ತದೆ.

ಈ ಪಾಠಕ್ರಮವನ್ನು ಕಟ್ಟಿಕೊಟ್ಟವರು ಪುರಂದರದಾಸರು (1484–1564) ಎಂದು ಪರಂಪರೆ ನಂಬುತ್ತದೆ. ಏಳನ್ನೂ ಕೊಟ್ಟವರು ಮೊದಲ ಹಾಡಿನಲ್ಲೇ ಒಂದು ಸ್ವರವನ್ನು ಪೂರ್ತಿ, ಇನ್ನೊಂದನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡದ್ದು ಏಕೆ? ನನಗೆ ತೋಚುವುದಿಷ್ಟು: ಸ್ವರಗಳ ಪರಿಚಯ ಮುಗಿದಿತ್ತು, ರಾಗ ಇನ್ನೂ ಶುರುವಾಗಿರಲಿಲ್ಲ. ಯಾವ ಸ್ವರಕ್ಕೆ ಯಾವಾಗ ಹೋಗಬೇಕು, ಯಾವುದನ್ನು ಗೊತ್ತಿದ್ದೂ ಮುಟ್ಟದೆ ದಾಟಬೇಕು ಎಂಬಲ್ಲಿ ರಾಗ ಹುಟ್ಟುತ್ತದೆ. ಮುಂದೆ ಗಂಟೆಗಟ್ಟಲೆ ಆಲಾಪನೆ ಮಾಡುವ ವಿದ್ವಾಂಸರೂ ಈ ಸಂಯಮವನ್ನೇ ಪಾಲಿಸುತ್ತಾರೆ. ಅದರ ಮೊದಲ ರುಚಿಯನ್ನು ಎಂಟು ವರ್ಷದ ಮಗುವಿಗೆ, ಯಾವ ವಿವರಣೆಯೂ ಇಲ್ಲದೆ, ಈ ಪುಟ್ಟ ಗೀತೆ ಹತ್ತಿಸುತ್ತದೆ. ಸರಳವಾದದ್ದನ್ನು ಚಿಕ್ಕದೆಂದು ಎಣಿಸುವ ನಮ್ಮ ಅಭ್ಯಾಸ ಇಲ್ಲಿ ನಿಲ್ಲುವುದಿಲ್ಲ.

ಮುಂದಿನ ಗೀತೆ ಯಾವಾಗ ಎಂದು ತಾಯಂದಿರು ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅವರ ಆತುರ ಅರ್ಥವಾಗುತ್ತದೆ. ಕಲಿಕೆ ಎಂದರೆ ಸೇರಿಸುತ್ತ ಹೋಗುವುದು ಎಂದೇ ಶಾಲೆ, ಪರೀಕ್ಷೆ ಎಲ್ಲವೂ ನಮ್ಮನ್ನು ನಂಬಿಸಿವೆ. ಆದರೆ ರಿಷಭದಿಂದ ಮಧ್ಯಮಕ್ಕೆ ದಾಟುವ ಆ ಹೆಜ್ಜೆ ಇಡೀ ತರಗತಿಗೆ ಒಟ್ಟಿಗೆ ಬರುವವರೆಗೆ ನಾನು ಆ ಸಾಲು ಬಿಟ್ಟು ಮುಂದೆ ಹೋಗುವುದಿಲ್ಲ.