ಅಲಗಿನ ಶುದ್ಧಿ



12ನೆಯ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣನವರು ಬಸವಣ್ಣನವರ ಎಲೆಯಡಕೆಯ ಸಂಚಿಯನ್ನು ಹೊತ್ತು ಸೇವೆಗೈದರು, ವಚನಕಾರರೂ ಆದರು. ಕ್ಷೌರಕಾಯಕದ ಹಡಪದ ಬಂಧುಗಳು ಇಂದಿಗೂ ಅವರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಆ ಕಾಯಕದ ಉಪಕರಣವೊಂದು ಈಗ ಗೃಹಸ್ಥರ ಕೈಗೂ ಬಂದಿದೆ. 2020ರಲ್ಲಿ ಕೊರೋನಾ ನಿಮಿತ್ತ ಕ್ಷೌರದಂಗಡಿಗಳು ಮುಚ್ಚಿದ್ದಾಗ ವಿದ್ಯುತ್ತಿನ ಕ್ಷೌರಯಂತ್ರದಿಂದ ಮಕ್ಕಳ ಕೂದಲನ್ನು ತಾವೇ ಕತ್ತರಿಸಿದ ತಂದೆಯರು ಅನೇಕರು.

ಅಂಥ ಒಂದು ಮನೆಯನ್ನು ನೆನೆಯಿರಿ. ಕೂಸು ತಲೆಯೊಡ್ಡಿ ಕುಳಿತಿದೆ. ಯಂತ್ರವು ಕೂದಲನ್ನು ಕತ್ತರಿಸದೆ ಕಚ್ಚಿ ಎಳೆಯುತ್ತದೆ. ಕೂಸು ಅಳುತ್ತದೆ, "ಅಲುಗಾಡಬೇಡ" ಎಂದು ತಂದೆ ಗದರುತ್ತಾನೆ. ದೋಷವು ಯಾರದು? ಮೊಂಡಲಗಿನ ನೋವು ಹಿಡಿದವನಿಗೆ ತಿಳಿಯದು, ತಲೆಯೊಡ್ಡಿದವನಿಗೆ ತಿಳಿಯುವುದು.

ಈ ಯಂತ್ರದಲ್ಲಿ ಹಲ್ಲುಗಳುಳ್ಳ ಎರಡು ಅಲಗುಗಳುಂಟು. ಕೆಳಗಿನದು ಸ್ಥಿರ, ಮೇಲಿನದು ಚರ. ಇವುಗಳ ನಡುವೆ ಕೂದಲಿನ ಚೂರೂ ಜಿಡ್ಡೂ ಸೇರಿದರೆ ಹರಿತವಾದ ಅಲಗೂ ಮೊಂಡಾದಂತೆ ತೋರುವುದು. ಆದುದರಿಂದ ಮೊದಲು ವಿದ್ಯುತ್ತಿನ ಸಂಪರ್ಕವನ್ನು ತೆಗೆದು, ಅಲಗುಗಳನ್ನು ಬಿಚ್ಚಿ, ಸಣ್ಣ ಕುಂಚದಿಂದ ಗುಡಿಸಿ ಒರೆಸಬೇಕು. ತೇವವುಳಿದರೆ ತುಕ್ಕು ಹಿಡಿಯುವುದು. ಮರಳಿ ಜೋಡಿಸಿ ಹೊಲಿಗೆಯಂತ್ರದ ಎಣ್ಣೆಯನ್ನು ಎರಡು ಮೂರು ಹನಿ ಬಿಡಬೇಕು. ಕೊಬ್ಬರಿ ಎಣ್ಣೆ ಸಲ್ಲದು. ಅದು ಕಾಲಕ್ರಮದಲ್ಲಿ ಅಂಟಾಗುವುದು. ಬಹುಪಾಲು ಮೊಂಡುತನ ಇಷ್ಟರಿಂದಲೇ ನೀಗುವುದು.

ನೀಗದಿದ್ದರೆ ಉಕ್ಕಿನ ಅಲಗನ್ನು ಮಸೆಯಬಹುದು. ಸಮತಟ್ಟಾದ ನುಣುಪು ಸಾಣೆಕಲ್ಲನ್ನು ತೋಯಿಸಿ, ಎರಡು ಅಲಗುಗಳು ಒಂದಕ್ಕೊಂದು ತಾಗುವ ಮುಖವನ್ನು ಅದರ ಮೇಲೆ ಚಪ್ಪಟೆಯಾಗಿಟ್ಟು, ಓರೆಮಾಡದೆ ಹಗುರವಾಗಿ ಕೆಲವು ಸಾರಿ ಎಳೆಯಬೇಕು. ಒಂದೊಂದು ಹಲ್ಲನ್ನು ಬೇರೆಬೇರೆಯಾಗಿ ಉಜ್ಜಬಾರದು. ತೀರ ಸವೆದ ಅಲಗನ್ನು ಸಾಣೆ ಹಿಡಿಯುವವನಿಗೆ ಒಪ್ಪಿಸುವುದೇ ಲೇಸು. ಜೋಡಿಸುವಾಗ ಚರ ಅಲಗಿನ ತುದಿಯು ಸ್ಥಿರ ಅಲಗಿನ ತುದಿಗಿಂತ ತುಸು ಹಿಂದಿರಬೇಕು. ಮುಂದೆ ಚಾಚಿದರೆ ಚರ್ಮವನ್ನು ಗಾಯಗೊಳಿಸುವುದು.

ಶರಣಧರ್ಮದಲ್ಲಿ ಅರಿವು ಸ್ಥಿರ ಅಲಗು, ಆಚಾರವು ಚರ ಅಲಗು. ಇವೆರಡರ ನಡುವೆ ಅಹಂಕಾರದ ಜಿಡ್ಡು ಕೂಡಿದರೆ ನಮ್ಮ ಮಾತು ಎದುರಿನವರ ಮನಸ್ಸನ್ನು ಕಚ್ಚಿ ಎಳೆಯುವುದು. ಅರಿವನ್ನು ಮೀರಿ ಮುಂಚಾಚಿದ ಆಚಾರವು ಇತರರಿಗೆ ಗಾಯಮಾಡುವುದು. "ನನ್ನ ಸ್ವಭಾವವೇ ಹೀಗೆ" ಎನ್ನುವವರು ದಿನದಿನದ ಶುದ್ಧಿಯನ್ನು ಮರೆತವರು. ಲಿಂಗಪೂಜೆಯ ಹೊತ್ತು ನಮಗೆ ಆ ಶುದ್ಧಿಯ ಹೊತ್ತಾಗಬೇಕು. ಸ್ವಪ್ರಯತ್ನಕ್ಕೆ ಮೀರಿದ ಮೊಂಡುತನವನ್ನು ಗುರುವಿನ ಸಾಣೆಗೆ ಒಪ್ಪಿಸಲು ನಾಚಬೇಕಾಗಿಲ್ಲ.

ಮಡದಿ ಮಕ್ಕಳು, ಆಳುಕಾಳುಗಳು ನಮ್ಮನ್ನು ನಂಬಿ ತಲೆಯೊಡ್ಡಿ ಕುಳಿತವರು. ಅವರು ಕಣ್ಣೀರಿಟ್ಟಾಗ ಗದರುವ ಮುನ್ನ ನಮ್ಮ ಕೈಯಲ್ಲಿರುವ ಅಲಗನ್ನು ಒಮ್ಮೆ ಬಿಚ್ಚಿ ನೋಡೋಣ.