ಗೃಹಸ್ಥನ ಮನೆ, ಸರ್ಕಾರದ ಲೆಕ್ಕ

ವಿಶ್ವವಿದ್ಯಾಲಯದ ಆಶ್ರಯದಲ್ಲಿ ವಸತಿನೀತಿಯ ಸಂಶೋಧನಾಕೇಂದ್ರವೊಂದನ್ನು ನಡೆಸತಕ್ಕವನು ಅಂಕಿಅಂಶಗಳಿಗೆ ಕೈಹಚ್ಚುವ ಮೊದಲು, ಮನೆಯೆಂದರೇನೆಂಬ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕಾಗುತ್ತದೆ. ಇದು ಅರ್ಥಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ಮೂಲತಃ ಧರ್ಮಜಿಜ್ಞಾಸೆಯೇ ಸರಿ; ಏಕೆಂದರೆ ಗೃಹಸ್ಥಾಶ್ರಮವೇ ಉಳಿದ ಆಶ್ರಮಗಳಿಗೆ ಆಧಾರವೆಂದು ನಂಬಿದ ನಾಡಿನಲ್ಲಿ ಒಬ್ಬನ ಮನೆಯನ್ನು ಅಳೆಯಹೊರಡುವುದೆಂದರೆ ಅವನ ಬಾಳುವೆಯನ್ನೇ ಅಳೆಯಹೊರಟಂತೆ.

ಅಂಥ ಗೃಹಸ್ಥರಲ್ಲೊಬ್ಬನಾದ ಜೇಡರ ದಾಸಿಮಯ್ಯನ ಊರು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮುದನೂರು. ನೇಕಾರನಾಗಿ, ದುಗ್ಗಳೆಯ ಪತಿಯಾಗಿ, ರಾಮನಾಥನ ಭಕ್ತನಾಗಿ ಬಾಳಿದ ಆ ವಚನಕಾರನಿಗೆ ಕಾಯಕವೂ ಸಂಸಾರವೂ ಪೂಜೆಯೂ ಬೇರೆಬೇರೆ ಸೂರುಗಳನ್ನು ಬೇಡಲಿಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿಯವರ ಗ್ರಾಮೀಣ ಆವಾಸ ಯೋಜನೆಯಾದರೋ ಅಡುಗೆಯ ಎಡೆಯೂ ಸೇರಿ ಕನಿಷ್ಠ 25 ಚದರ ಮೀಟರು ನೆಲವನ್ನೂ, ಬಯಲುಸೀಮೆಯವರಿಗೆ 1.20 ಲಕ್ಷ ರೂಪಾಯಿಗಳ ನೆರವನ್ನೂ ಗೊತ್ತುಮಾಡಿತು. ಸೂರಿಲ್ಲದವನಿಗೆ ಅದು ಮಹದುಪಕಾರವೇ. ಆದರೂ ಆ ಅಳತೆಯಲ್ಲಿ ಮಗ್ಗದ ಮಾತಿಲ್ಲ.

ಅದೇ ಜಿಲ್ಲೆಯ ಶಹಾಪುರದ ಸುತ್ತಿನ ಹಳೆಯ ಮಾಳಿಗೆಮನೆಗಳನ್ನು ನೋಡಬೇಕು. ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ವೈಶಾಖದ ಮಧ್ಯಾಹ್ನ ಪಕ್ಕದ ಕಾಂಕ್ರೀಟಿನ ಮನೆ ಕಾದ ಹೆಂಚಾಗಿರುವಾಗ ಇದರ ಪಡಸಾಲೆಯಲ್ಲಿ ಚಾಪೆ ಹಾಸಿ ನಿದ್ರಿಸಬಹುದು. 2011ರ ಜನಗಣತಿಯು ಇಂಥ ಮಣ್ಣಿನ ಚಾವಣಿಯನ್ನು ಹುಲ್ಲು, ಬಿದಿರುಗಳ ಸಾಲಿಗೇ ಸೇರಿಸಿತು. ಗಣಕನ ಅವಿವೇಕವೆಂದು ನಗುವುದು ಸುಲಭ. ನಗಲು ನನಗೂ ಮನಸ್ಸಿದೆ. ಆದರೆ ಮಾಳಿಗೆಮನೆಗೆ ಒಂದು ನಿಷ್ಠುರವಾದ ನಿಯಮವುಂಟು: ಪ್ರತಿವರ್ಷ ಮಳೆಗೆ ಮುನ್ನ ಯಾರಾದರೂ ಮೇಲೆ ಹತ್ತಿ ಸವಳುಮಣ್ಣು ಹರಡಿ, ತುಳಿದು, ಬಿರುಕು ಮುಚ್ಚಬೇಕು. ಒಡೆಯನು ಇಲ್ಲದ ಮಾಳಿಗೆ ಕೆಲವೇ ಮಳೆಗಾಲಗಳಲ್ಲಿ ಸೋರಿ ಕುಸಿಯುತ್ತದೆ.

ಒಡೆಯನಾದರೋ ಗುಳೆ ಹೋಗಿದ್ದಾನೆ. ಯಾದಗಿರಿಯ ನಿಲ್ದಾಣದಲ್ಲಿ ಹಾಸಿಗೆ, ಪಾತ್ರೆ, ಮಕ್ಕಳೊಡನೆ ರೈಲು ಹತ್ತಿದವರು ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಪರರ ಮನೆಗಳನ್ನು ಕಟ್ಟುತ್ತ, ತಾವು ತಗಡಿನ ಶೆಡ್ಡುಗಳಲ್ಲಿ ರಾತ್ರಿ ಕಳೆಯುತ್ತಾರೆ. ಕಾಂಕ್ರೀಟಿನ ಮನೆಯನ್ನು ಅವರು ಬಯಸುವುದರಲ್ಲಿ ತಪ್ಪೇನಿದೆ? ಅದು ಬೀಗದ ಹಿಂದೆಯೂ ನಿಲ್ಲುತ್ತದೆ. ಮನೆಯಿದ್ದೂ ಮನೆಯಲ್ಲಿರಲಾರದ ಈ ಗೃಹಸ್ಥನನ್ನು ವಸತಿವಂತರ ಪಟ್ಟಿಗೆ ಸೇರಿಸಿ ತೃಪ್ತವಾಗುವ ನೀತಿಯು ಗೋಡೆಗೆ ನ್ಯಾಯವನ್ನು ಒದಗಿಸೀತು, ಮನುಷ್ಯನಿಗಲ್ಲ.

ಆದುದರಿಂದ ಅಂಥ ಕೇಂದ್ರದ ಹೊಣೆ ಹೊತ್ತವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಗೋಡೆ, ಚಾವಣಿಗಳ ಕಲಮುಗಳ ಪಕ್ಕದಲ್ಲಿ, ವರ್ಷದಲ್ಲಿ ಎಷ್ಟು ತಿಂಗಳು ಈ ಮನೆಯ ಒಲೆ ಹೊತ್ತಿತ್ತೆಂಬ ಕಲಮನ್ನೂ ಸೇರಿಸಿರಿ, ಸಮೀಕ್ಷೆಯನ್ನು ಯಾದಗಿರಿ ಜಿಲ್ಲೆಯಿಂದಲೇ ಮೊದಲುಮಾಡಿರಿ.